ಪಿಯುಸಿಯಲ್ಲಿ ಸೈಕಾಲಜಿ: ಗಡಿ ಊರಿನ ಮಕ್ಕಳು, ಪಾಲಕರು ತಿಳಿದಿರಬೇಕಾದ ಮಾಹಿತಿ

ಹಿರೋಳ್ಳಿ (ಆಳಂದ ತಾ.): ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನದಿಂದ ಊರ ಕಟ್ಟೆ ಮೇಲೆ ಒಂದೇ ಮಾತು. ಸೈನ್ಸೋ, ಕಾಮರ್ಸೋ, ಆರ್ಟ್ಸೋ? ಆರ್ಟ್ಸ್ ಅಂದ್ರೆ ಈ ಕಡೆ ಬಹುತೇಕ ಎಚ್‌ಇಪಿಎಸ್, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ಅದೇ ಆರ್ಟ್ಸ್ ವಿಭಾಗದಲ್ಲಿ ಮನಃಶಾಸ್ತ್ರ, ಅಂದರೆ ಸೈಕಾಲಜಿ ಅನ್ನೋ ಐಚ್ಛಿಕ ವಿಷಯವೂ ಇದೆ ಅನ್ನೋದು ಹಳ್ಳಿ ಕಡೆ ಎಷ್ಟೋ ಮಂದಿಗೆ ಗೊತ್ತಿರೋದಿಲ್ಲ. ಗಡಿಯಾಚೆ ಅಕ್ಕಲಕೋಟ, ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಇದನ್ನೇ ಮಾನಸಶಾಸ್ತ್ರ ಅಂತಾರೆ.

ಗೊತ್ತಿದ್ದವರಿಗೂ ಎರಡು ತಪ್ಪು ಕಲ್ಪನೆ. ಒಂದು, ಇದು ಹುಚ್ಚು ಹಿಡಿದವರ ಬಗ್ಗೆ ಓದೋದು. ಇನ್ನೊಂದು, ಓದಿದ ಮೇಲೆ ಎದುರಿನವರ ಮನಸಲ್ಲಿ ಏನಿದೆ ಅಂತ ಹೇಳಬಹುದು. ಎರಡೂ ಸರಿಯಲ್ಲ. ಕಲಿಕೆ, ನೆನಪು, ಬುದ್ಧಿಶಕ್ತಿ, ಭಾವನೆ, ವ್ಯಕ್ತಿತ್ವ, ಒತ್ತಡ, ಗುಂಪಿನಲ್ಲಿ ಮನುಷ್ಯ ಹೇಗೆ ನಡ್ಕೋತಾನೆ, ಇವೇ ಪಾಠಗಳು. ಮಾನಸಿಕ ಕಾಯಿಲೆ, ಅದರ ಚಿಕಿತ್ಸೆ ಅದರಲ್ಲೊಂದು ಭಾಗ ಅಷ್ಟೇ.

ಕಿರಾಣಿ ಅಂಗಡಿಯವರಿಗೆ ಇದು ಬೇಗ ತಿಳಿಯುತ್ತೆ. ಗಿರಾಕಿ ಬಾಯಲ್ಲಿ ಐದಾರು ಸಾಮಾನು ಹೇಳಿದ್ರೆ ಚೀಟಿ ಬೇಕಾಗಿಲ್ಲ, ಹತ್ತು ಹನ್ನೆರಡು ಹೇಳಿದ್ರೆ ಒಂದೆರಡು ಮರೆತೇ ಹೋಗ್ತವೆ. ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಇದರ ಬಗ್ಗೆಯೇ ಬರೆದ. ಒಂದೇ ಸಲಕ್ಕೆ ಮನಸ್ಸು ಹಿಡಿಯೋದು ಏಳರ ಆಸುಪಾಸು, ಎರಡು ಹೆಚ್ಚು ಇಲ್ಲವೇ ಎರಡು ಕಡಿಮೆ. ಹತ್ತಂಕಿಯ ಮೊಬೈಲ್ ನಂಬರನ್ನು ಜನ ತುಂಡು ತುಂಡು ಮಾಡಿ ಹೇಳೋದೂ ಇದಕ್ಕೇ.

ಇತಿಹಾಸ, ರಾಜ್ಯಶಾಸ್ತ್ರದಲ್ಲಿ ಇಲ್ಲದ ಒಂದು ಸಂಗತಿ ಇಲ್ಲಿದೆ: ಪ್ರಾಕ್ಟಿಕಲ್. ದ್ವಿತೀಯ ಪಿಯುಸಿಯಲ್ಲಿ 100 ಅಂಕಕ್ಕೆ 70 ಥಿಯರಿ, 30 ಪ್ರಾಕ್ಟಿಕಲ್. ಸೈಕಾಲಜಿ ಲ್ಯಾಬ್ ಅಂದ್ರೆ ಆಸಿಡ್ಡು, ಬರ್ನರ್ರು ಅಲ್ಲ. ಕನ್ನಡಿಯಲ್ಲಿ ಮಾತ್ರ ನೋಡ್ತಾ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಎಳೆಯೋದು ಹಳೇ ಪ್ರಯೋಗ. ಮೊದಮೊದಲು ಕೈ ಉಲ್ಟಾ ಓಡುತ್ತೆ, ಆಮೇಲೆ ಪಳಗುತ್ತೆ. ಒಂದು ಕೈ ಪಳಗಿದ್ರೆ ಪಳಗಿಸದ ಇನ್ನೊಂದು ಕೈಯೂ ಸ್ವಲ್ಪ ಸುಧಾರಿಸಿರುತ್ತೆ!

ಇದು ಕರ್ನಾಟಕಕ್ಕೆ ಹೊಸ ವಿಷಯವೂ ಅಲ್ಲ. ಮೈಸೂರಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯ್ತು, ಕಟ್ಟಿದವರು ಲಂಡನ್ನಲ್ಲಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದ ಆಕಾಶವಾಣಿ ರೇಡಿಯೋ ಕೇಂದ್ರ ಆರಂಭಿಸಿದವರೂ ಅವರೇ.

ಆದರೆ ವಿಷಯ ಪಟ್ಟಿಯಲ್ಲಿದೆ ಅಂದಾಕ್ಷಣ ಹತ್ತಿರದ ಕಾಲೇಜಿನಲ್ಲಿ ಸಿಗುತ್ತೆ ಅಂತಲ್ಲ. ಕಾಲೇಜಿಗೆ ಆ ಕಾಂಬಿನೇಷನ್ ಮಂಜೂರಾಗಿರಬೇಕು, ಪಾಠ ಹೇಳೋ ಉಪನ್ಯಾಸಕರೂ ಇರಬೇಕು. ಅರ್ಜಿ ತುಂಬುವ ಮೊದಲೇ ಮೂರು ಮಾತು ಕೇಳಿಕೊಳ್ಳಿ: ಸೈಕಾಲಜಿ ಇದೆಯಾ, ಪ್ರಾಕ್ಟಿಕಲ್ ಯಾರು ಮಾಡಿಸ್ತಾರೆ, ಪಾಠ ಕನ್ನಡದಲ್ಲಾ ಇಂಗ್ಲಿಷ್‌ನಲ್ಲಾ? ಇದೊಂದೇ ವಿಷಯಕ್ಕಾಗಿ ಮಗಳನ್ನು ದಿನಾ ಬಸ್ಸಿಗೆ ಹತ್ತಿಸಬೇಕಾ ಅನ್ನೋದನ್ನ ಮನೆಯವರು ಕೂತು ಯೋಚಿಸಬೇಕು. ಯಾಕಂದ್ರೆ ಪಿಯುಸಿಯಲ್ಲಿ ಸೈಕಾಲಜಿ ಓದದಿದ್ರೂ ಸಾಮಾನ್ಯವಾಗಿ ಡಿಗ್ರಿಯಲ್ಲಿ ತಗೊಳ್ಳೋಕೆ ಅಡ್ಡಿ ಇಲ್ಲ. ಎಚ್ಚರ ಇರಬೇಕಾದ್ದು ಡಿಗ್ರಿ ಹಂತದಲ್ಲಿ. ಎಂ.ಎ ಸೀಟಿಗೆ ಡಿಗ್ರಿಯಲ್ಲೇ ಈ ವಿಷಯ ಓದಿರಬೇಕು ಅಂತ ಕೇಳುವ ಕಡೆಗಳಿವೆ.

ಮುಂದಿನ ಓದು ತಾಲೂಕಿನೊಳಗೇ ಇದೆ. ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ (2009ರಲ್ಲಿ ಸ್ಥಾಪನೆ) ಇರೋದು ಆಳಂದ ತಾಲೂಕಿನಲ್ಲೇ, ಅಲ್ಲಿ ಸೈಕಾಲಜಿ ವಿಭಾಗ ಇದೆ. ಪ್ರವೇಶಕ್ಕೆ ಸಿಯುಇಟಿ ಬರೀಬೇಕು. ಅರ್ಜಿ ಆನ್‌ಲೈನ್, ದಿನಾಂಕ ಮೊದಲೇ ಮುಗಿದಿರುತ್ತೆ. ಪಿಯು ರಿಸಲ್ಟ್ ಬರಲಿ, ಆಮೇಲೆ ನೋಡೋಣ ಅಂದ್ರೆ ಆ ವರ್ಷ ಹೋದಂಗೆ.

ದೂರಶಿಕ್ಷಣದಲ್ಲಿ ಮಾಡಿದ್ರಾಯ್ತು ಅನ್ನುವವರು ಇದನ್ನ ಗಮನಿಸಬೇಕು. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಡಿ ಬರುವ ಕೋರ್ಸುಗಳನ್ನು ದೂರಶಿಕ್ಷಣ, ಆನ್‌ಲೈನ್ ಮೂಲಕ ನಡೆಸಬಾರದು ಅಂತ ಯುಜಿಸಿ 2025ರಲ್ಲಿ ವಿಶ್ವವಿದ್ಯಾಲಯಗಳಿಗೆ ಸೂಚಿಸಿದೆ. ಆ ಪಟ್ಟಿಯಲ್ಲಿ ಸೈಕಾಲಜಿಯೂ ಇದೆ, 2025ರ ಜುಲೈ-ಆಗಸ್ಟ್ ಪ್ರವೇಶದಿಂದಲೇ ಇದು ಜಾರಿ. ಮನೆ, ಅಂಗಡಿ ಕೆಲಸದ ಜೊತೆ ಓದೋರಿಗೆ ಇದು ಪೆಟ್ಟೇ. ಆದ್ರೆ ಗೊತ್ತಿಲ್ಲದೆ ಯಾವುದೋ ಸೆಂಟರಿಗೆ ಫೀ ಕಟ್ಟೋದು ಅದಕ್ಕಿಂತ ದೊಡ್ಡ ಪೆಟ್ಟು.

ಕೆಲಸದ ಬಗ್ಗೆಯೂ ಗೊಂದಲ ಇದೆ. ಔಷಧಿ ಬರೆಯುವ ಮನೋವೈದ್ಯ ಆಗೋಕೆ ಸೈನ್ಸ್ ತಗೊಂಡು ಎಂಬಿಬಿಎಸ್, ಆಮೇಲೆ ಎಂ.ಡಿ ಮಾಡಬೇಕು, ಆರ್ಟ್ಸ್‌ನಿಂದ ಆ ದಾರಿ ಇಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳೋಕೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸ್ ಮುಗಿಸಿ ನೋಂದಣಿ ಆಗಬೇಕು, ಸಾಮಾನ್ಯ ಎಂ.ಎ ಒಂದೇ ಸಾಲದು. ಪಿಯುಸಿಯಿಂದ ಲೆಕ್ಕ ಹಾಕಿದ್ರೆ ಎಂಟು ಹತ್ತು ವರ್ಷದ ದಾರಿ. ನಡುವೆ ಬಿ.ಇಡಿ, ಎಂಎಸ್‌ಡಬ್ಲ್ಯೂ, ಕೌನ್ಸೆಲಿಂಗ್ ಕಡೆ ಹೊರಳಿಕೊಳ್ಳುವವರೂ ಇದ್ದಾರೆ.

ಅಲ್ಲಿವರೆಗೆ ಯಾರಿಗಾದರೂ ಪರೀಕ್ಷೆ, ರಿಸಲ್ಟ್ ಚಿಂತೆಯಿಂದ ನಿದ್ದೆ ಬಾರದಿದ್ರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.