ನಿಯಮವೂ ವಿವೇಕವೂ: ಒಂದು ಆಟದ ಮತಭೇದಗಳ ಚರಿತ್ರೆ

ನಿಯಮವೇ ಆಟದ ಪ್ರಾಣವೆಂದು ಹೇಳುವುದುಂಟು. ಚದುರಂಗದ ಕುದುರೆಯು ತನ್ನ ನಡೆಯನ್ನು ಬಿಟ್ಟು ನಡೆದರೆ ಅದು ಚದುರಂಗವೆನಿಸದು. ಆದರೆ ನಿಯಮವೆಷ್ಟು, ಆಟವನ್ನು ನಡೆಸುವವನ ವಿವೇಕವೆಷ್ಟು ಎಂಬುದು ಎಂದೂ ತೀರ್ಮಾನವಾಗದಿರುವ ಆಟವೊಂದುಂಟು. ಅದರ ಅಭಿಮಾನಿಗಳು ಐವತ್ತು ವರ್ಷಗಳಿಂದ ಈ ವಿಷಯವಾಗಿ ವಾದಿಸುತ್ತಲೇ ಒಂದೇ ಮೇಜಿನ ಸುತ್ತ ಕುಳಿತು ಆಡುತ್ತ ಬಂದಿದ್ದಾರೆ.

ಈ ವಾದವು ಆ ಆಟಕ್ಕಿಂತಲೂ ಹಳೆಯದು. ೧೮೨೪ರಲ್ಲಿ ಪ್ರಷ್ಯದ ಸೇನಾಧಿಕಾರಿಯಾದ ರೈಸ್‌ವಿಟ್ಸನು, ತನ್ನ ತಂದೆಯು ಆರಂಭಿಸಿದ್ದ ಕಾರ್ಯವನ್ನು ಮುಂದುವರಿಸಿ, ‘ಕ್ರೀಗ್ಸ್‌ಶ್ಪೀಲ್’ ಎಂಬ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದನು. ನಕಾಶೆಯ ಮೇಲೆ ಸೈನ್ಯಗಳು ಚಲಿಸುವುವು. ದಾಳವು ಫಲವನ್ನು ಸೂಚಿಸುವುದು. ಮಧ್ಯಸ್ಥನು ತೀರ್ಪು ಕೊಡುವನು. ಕಾಲಕ್ರಮದಲ್ಲಿ ಈ ಲೆಕ್ಕಾಚಾರವು ಹೊರೆಯೆಂದು ಅನೇಕರಿಗೆ ತೋರಿತು. ೧೮೭೬ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಸೇನಾನಿಯು ದಾಳವನ್ನೂ ಪಟ್ಟಿಗಳನ್ನೂ ಬದಿಗಿಟ್ಟು, ಅನುಭವಸ್ಥನಾದ ಮಧ್ಯಸ್ಥನ ಮಾತೇ ಸಾಕೆಂದು ಪ್ರತಿಪಾದಿಸಿದನು. ಹೀಗೆ ಬಿಗಿಯ ಮಾರ್ಗ, ಸಡಿಲ ಮಾರ್ಗ ಎಂದು ಎರಡು ಪಕ್ಷಗಳಾದುವು.

೧೯೭೪ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ಲೇಕ್ ಜಿನೀವದಿಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವು ಹೊರಬಿದ್ದಿತು. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬಿಬ್ಬರು ಅದರ ಕರ್ತೃಗಳು. ಇದರಲ್ಲಿ ಸೈನ್ಯವಿಲ್ಲ. ಒಬ್ಬೊಬ್ಬ ಆಟಗಾರನೂ ಒಬ್ಬ ವೀರನ ಪಾತ್ರವನ್ನು ವಹಿಸುವನು. ನಿರ್ವಾಹಕನು ಲೋಕವನ್ನು ವರ್ಣಿಸುವನು. ಸಂದೇಹಾಸ್ಪದವಾದ ಕಾರ್ಯವನ್ನು ದಾಳವು ನಿರ್ಣಯಿಸುವುದು. ಮೂರು ಕಿರುಹೊತ್ತಗೆಗಳ ಈ ಪೆಟ್ಟಿಗೆಯ ಮೊದಲ ಮುದ್ರಣವು ಸಾವಿರ ಪ್ರತಿಗಳು ಮಾತ್ರ. ಅದರಲ್ಲಿ ಹೇಳದೆ ಬಿಟ್ಟುದೇ ಹೆಚ್ಚಾದುದರಿಂದ, ಮನೆಮನೆಯಲ್ಲಿಯೂ ಆಟವು ಬೇರೆಬೇರೆಯಾಗಿ ಬೆಳೆಯಿತು. ೧೯೭೭ರಿಂದ ೧೯೭೯ರವರೆಗೆ ಗೈಗ್ಯಾಕ್ಸನು ಮೂರು ದಪ್ಪ ಸಂಪುಟಗಳಲ್ಲಿ ವಿಸ್ತಾರವಾದ ನಿಯಮಾವಳಿಯನ್ನು ಕೊಟ್ಟನು. ಅಪರಿಚಿತರು ಕೂಡಿ ಆಡಬೇಕಾದರೆ ಏಕರೂಪತೆ ಬೇಕೆಂಬುದು ಒಂದು ಪಕ್ಷ. ಬರೆದಿಟ್ಟ ಮಾತು ಹೆಚ್ಚಿದಷ್ಟೂ ಕಲ್ಪನೆಯು ಕುಗ್ಗುವುದೆಂಬುದು ಇನ್ನೊಂದು. ಪ್ರಷ್ಯದ ವಾದವೇ ಮತ್ತೆ ತಲೆದೋರಿತು.

೧೯೮೯ರ ಎರಡನೆಯ ಆವೃತ್ತಿಯಲ್ಲಿ, ಆಟವು ಮಕ್ಕಳನ್ನು ದಾರಿಗೆಡಿಸುವುದೆಂಬ ಆಕ್ಷೇಪಣೆಗಳ ದೆಸೆಯಿಂದ, ಪಿಶಾಚಗಳ ಹೆಸರುಗಳು ಮರೆಯಾದುವು. ೧೯೯೭ರಲ್ಲಿ ‘ವಿಜರ್ಡ್ಸ್ ಆಫ್ ದಿ ಕೋಸ್ಟ್’ ಸಂಸ್ಥೆಯು ಆಟದ ಹಕ್ಕನ್ನು ಕೊಂಡು, ೨೦೦೦ದಲ್ಲಿ ಮೂರನೆಯ ಆವೃತ್ತಿಯೊಡನೆ ಒಂದು ಮುಕ್ತ ಪರವಾನಗಿಯನ್ನು ಪ್ರಕಟಿಸಿತು. ಮೂಲನಿಯಮಗಳನ್ನು ಆಧರಿಸಿ ಯಾರಾದರೂ ಗ್ರಂಥ ರಚಿಸಬಹುದೆಂಬುದೇ ಅದರ ತಾತ್ಪರ್ಯ. ಅದರ ಬಲದಿಂದಲೇ ೨೦೦೬ರಲ್ಲಿ ‘ಆಸ್ರಿಕ್’ ಎಂಬ ಗ್ರಂಥವು ಗೈಗ್ಯಾಕ್ಸನ ಕಾಲದ ನಿಯಮಗಳನ್ನು ಪುನಃ ಬಳಕೆಗೆ ತಂದಿತು. ೨೦೦೮ರ ನಾಲ್ಕನೆಯ ಆವೃತ್ತಿಯು ಚೌಕದ ಹಾಸಿನ ಮೇಲಣ ಕಾಳಗಕ್ಕೆ ಪ್ರಾಧಾನ್ಯವಿತ್ತಾಗ ಒಪ್ಪದವರು ಬಹುಮಂದಿ. ಮರುವರ್ಷವೇ ‘ಪೈಜೋ’ ಸಂಸ್ಥೆಯು ಮೂರನೆಯ ಆವೃತ್ತಿಯ ತಳಹದಿಯ ಮೇಲೆ ‘ಪಾತ್‌ಫೈಂಡರ್’ ಆಟವನ್ನು ಕಟ್ಟಿತು.

ಹಳೆಯ ಪುಸ್ತಕವು ಕಪಾಟಿನಲ್ಲಿಯೇ ಇರುವಾಗ ಹೊಸದರ ಮೇಲೆ ಇಷ್ಟು ಅಸಮಾಧಾನವೇಕೆಂದು ಕೇಳಬಹುದು. ಈ ಆಟವನ್ನು ಒಬ್ಬನೇ ಆಡುವಂತಿಲ್ಲವೆಂಬುದೇ ಉತ್ತರ. ಜೊತೆಗಾರರೆಲ್ಲ ಹೊಸ ಕ್ರಮಕ್ಕೆ ಹೋದರೆ, ಹಳೆಯದನ್ನು ನೆಚ್ಚಿದವನಿಗೆ ಪುಸ್ತಕವುಳಿಯುವುದು, ಕೂಟವುಳಿಯದು. ಅವನ ದುಃಖವು ನಿಯಮದ ವಿಷಯವಾದುದಲ್ಲ, ಸಂಗದ ವಿಷಯವಾದುದು. ಇತ್ತ ಹೊಸಬನಿಗೆ ಹಳಬರ ಪದ್ಧತಿಯು ಬಾಗಿಲು ಮುಚ್ಚಿದ ಮನೆಯಂತೆ ತೋರುವುದೂ ಸುಳ್ಳಲ್ಲ.

ಪ್ರಕಾಶಕರು ಇದರಿಂದ ಪಾಠ ಕಲಿತರು. ೨೦೧೨ರಿಂದ ಕರಡುಗಳನ್ನು ಆಟಗಾರರ ಕೈಗಿತ್ತು, ಅಭಿಪ್ರಾಯ ಪಡೆದು, ೨೦೧೪ರಲ್ಲಿ ಐದನೆಯ ಆವೃತ್ತಿಯನ್ನು ಹೊರತಂದರು. ಆದರೆ ೨೦೨೩ರ ಜನವರಿಯಲ್ಲಿ, ಹಳೆಯ ಪರವಾನಗಿಯ ಮಾನ್ಯತೆಯನ್ನು ಕಳೆಯುವ ಕರಡೊಂದು ಬಯಲಾಯಿತು. ಆವರೆಗೆ ಪರಸ್ಪರ ವಾದಿಸುತ್ತಿದ್ದ ಪಕ್ಷಗಳು ಒಂದಾಗಿ ಪ್ರತಿಭಟಿಸಿದುವು. ಅದೇ ತಿಂಗಳ ೨೭ರಂದು ಸಂಸ್ಥೆಯು ಹಿಂಜರಿದು, ಮೂಲನಿಯಮಗಳನ್ನು ಹಿಂತೆಗೆದುಕೊಳ್ಳಲಾಗದ ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಲೋಕಕ್ಕೆ ಬಿಟ್ಟುಕೊಟ್ಟಿತು.

೨೦೨೪ರ ಪರಿಷ್ಕೃತ ಗ್ರಂಥವು ‘ಜನಾಂಗ’ವೆಂಬರ್ಥದ ಪದವನ್ನು ಬಿಟ್ಟು ‘ಜೀವಜಾತಿ’ ಎಂಬರ್ಥದ ಪದವನ್ನು ಹಿಡಿದಾಗ ಚರ್ಚೆಯು ಮತ್ತೆ ಮೊದಲಾಯಿತು. ಅದು ಮುಗಿಯುವ ಲಕ್ಷಣವಿಲ್ಲ, ಮುಗಿಯಬೇಕಾಗಿಯೂ ಇಲ್ಲ. ಒಪ್ಪದವನು ತನ್ನ ಕ್ರಮವನ್ನು ತಾನೇ ಬರೆದು ಆಡಬಹುದಾದ ಹಕ್ಕು ಉಳಿದಿರುವವರೆಗೆ, ಭಿನ್ನಾಭಿಪ್ರಾಯವು ವೈರವಾಗಿ ಪರಿಣಮಿಸಬೇಕಾದ ಕಾರಣವಿಲ್ಲ. ಆ ಹಕ್ಕಿಗೆ ಚ್ಯುತಿ ಬಂದಾಗಲೇ ಈ ಕೂಟದ ಮಾತು ನಿಜವಾಗಿ ಬಿರುಸಾದುದು.