ಡಿಲೀಟ್ ಆದ ಯೋಜನಾ ಪಟ್ಟಿ ವಾಪಸ್ ಸಿಗುತ್ತದೆಯೇ? ರಿಕವರಿ ಆ್ಯಪ್ ಹಾಕುವ ಮೊದಲು ಓದಿ

‘ಏನೇ ಡಿಲೀಟ್ ಆಗಿರಲಿ, ಈ ಆ್ಯಪ್ ಹಾಕಿದರೆ ವಾಪಸ್ ಬರುತ್ತದೆ’ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಇದು ನಿಜವೇ?

ಹೊಳಲ್ಕೆರೆ ತಾಲ್ಲೂಕಿನ ತಾಳ್ಯದಂಥ ಊರಲ್ಲಿ ಯಾವ ಬೀದಿಗೆ ಚರಂಡಿ, ಯಾವ ಓಣಿಗೆ ನೀರಿನ ಪೈಪ್ ಬೇಕು ಎಂಬ ವಾರ್ಡ್ ಸಭೆಯ ಬೇಡಿಕೆಗಳನ್ನು ಒಬ್ಬರು ಗೂಗಲ್ ಶೀಟ್‌ನಲ್ಲಿ ಬರೆದಿಟ್ಟಿದ್ದಾರೆ ಎಂದುಕೊಳ್ಳಿ. ಗ್ರಾಮ ಪಂಚಾಯಿತಿಯ ಯೋಜನೆ ಇ-ಗ್ರಾಮಸ್ವರಾಜ್ ಪೋರ್ಟಲ್‌ಗೆ ಸೇರುವ ಮೊದಲೇ ಆ ಪಟ್ಟಿ ಅಳಿಸಿಹೋದರೆ, ಒಂದು ಓಣಿಯ ಬೇಡಿಕೆ ಆ ವರ್ಷ ಬಿಟ್ಟೇ ಹೋಗಬಹುದು.

ಆ್ಯಪ್‌ನಿಂದ ಏಕೆ ಆಗದು?

ಇಂಥ ಪಟ್ಟಿ ಇರುವುದು ನಿಮ್ಮ ಫೋನಿನಲ್ಲಲ್ಲ, ಕಂಪನಿಯ ಸರ್ವರ್‌ನಲ್ಲಿ. ಫೋನಿಗೆ ಹಾಕಿದ ರಿಕವರಿ ಆ್ಯಪ್ ಅಲ್ಲಿಗೆ ತಲುಪುವುದಿಲ್ಲ. ಆದರೆ ನಿಮ್ಮ ಫೋಟೊ, ಕಾಂಟ್ಯಾಕ್ಟ್‌ಗಳಿಗೆ ಅನುಮತಿ ಕೇಳಬಹುದು.

ಎಲ್ಲಿ ಹುಡುಕಬೇಕು?

• ಇಡೀ ಫೈಲ್ ಹೋಗಿದ್ದರೆ: ಗೂಗಲ್ ಡ್ರೈವ್‌ನ ಬಿನ್ ನೋಡಿ. ಅಲ್ಲಿ 30 ದಿನ ಇರುತ್ತದೆ, ಆಮೇಲೆ ತಾನೇ ಅಳಿಯುತ್ತದೆ. ಬೇರೆಯವರು ಹಂಚಿಕೊಂಡ ಫೈಲ್ ಆಗಿದ್ದರೆ ಅವರನ್ನೇ ಕೇಳಿ. ನಿಮ್ಮ ಪಟ್ಟಿಯಿಂದ ಮಾತ್ರ ಮಾಯವಾಗಿ, ಅವರ ಬಳಿ ಹಾಗೇ ಇರಬಹುದು.

• ಫೈಲ್ ಇದೆ, ಒಳಗಿನ ಸಾಲುಗಳು ಹೋಗಿವೆ: ಕಂಪ್ಯೂಟರ್‌ನಲ್ಲಿ ಶೀಟ್ ತೆರೆದು, ಫೈಲ್ ಮೆನುವಿನ ‘ವರ್ಷನ್ ಹಿಸ್ಟರಿ’ಯಲ್ಲಿ ಹಿಂದಿನ ಪ್ರತಿ ಆರಿಸಿ. ಫೈಲ್ ತಿದ್ದುವ ಅನುಮತಿ ಇದ್ದರೆ ಸಾಕು.

• ಆಸನಾ: ಡಿಲೀಟ್ ಆದ ಟಾಸ್ಕ್ 30 ದಿನದೊಳಗೆ ವಾಪಸ್ ಪಡೆಯಬಹುದು.

• ಟ್ರೆಲ್ಲೊ: ‘ಆರ್ಕೈವ್’ ಮಾಡಿದ ಕಾರ್ಡ್ ಮರಳಿ ಬರುತ್ತದೆ, ‘ಡಿಲೀಟ್’ ಮಾಡಿದ್ದು ಬರುವುದಿಲ್ಲ.

ದೊಡ್ಡ ಕಂಪನಿಗಳಿಗೂ ಹೀಗಾಗಿದೆಯೇ?

ಆಗಿದೆ. ಜಿರಾ ತಂತ್ರಾಂಶದ ಅಟ್ಲಾಸಿಯನ್ ಕಂಪನಿ 2022ರ ಏಪ್ರಿಲ್ 5ರಂದು ಹಳೆಯ ಆ್ಯಪ್ ಒಂದನ್ನು ತೆಗೆಯಲು ಹೋಗಿ, 775 ಗ್ರಾಹಕರ ಇಡೀ ತಾಣಗಳನ್ನೇ ಅಳಿಸಿಬಿಟ್ಟಿತು. ಆ್ಯಪ್‌ನ ಗುರುತು ಸಂಖ್ಯೆ ಇರಬೇಕಾದಲ್ಲಿ ತಾಣಗಳ ಗುರುತು ಸಂಖ್ಯೆ ಸೇರಿಕೊಂಡಿತ್ತು. ಎಲ್ಲವೂ ಸರಿಹೋಗಲು ಏಪ್ರಿಲ್ 18ರವರೆಗೆ ಬೇಕಾಯಿತು. ಅವರನ್ನು ಉಳಿಸಿದ್ದು ಮೊದಲೇ ತೆಗೆದಿಟ್ಟಿದ್ದ ಬ್ಯಾಕಪ್.

ನೀವೇನು ಮಾಡಬಹುದು?

ಪಟ್ಟಿ ಕಾಣೆಯಾದ ಕೂಡಲೇ ಗುಂಪಿನಲ್ಲಿ ತಿಳಿಸಿ, ಬಿನ್ ಖಾಲಿ ಮಾಡದಂತೆ ಹೇಳಿ. ದಿನ ಕಳೆದಷ್ಟೂ ಗಡುವು ಹತ್ತಿರವಾಗುತ್ತದೆ. ಫೈಲ್ ಸಿಕ್ಕ ಮೇಲೆ, ಪ್ರತಿ ಸಭೆಯ ನಂತರ ಒಂದು ಪ್ರತಿ ಡೌನ್‌ಲೋಡ್ ಮಾಡಿ ಇನ್ನೊಬ್ಬರ ಬಳಿಯೂ ಇಡಿ. ತಿದ್ದುವ ಅನುಮತಿ ಬೇಕಾದವರಿಗಷ್ಟೇ ಕೊಡಿ.

‘ರಿಕವರಿ ಮಾಡಿಕೊಡುತ್ತೇವೆ’ ಎಂದು ಒಟಿಪಿ ಕೇಳಿದರೆ ಕೊಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ: ಡಿಲೀಟ್ ಆದದ್ದೆಲ್ಲ ವಾಪಸ್ ಬರುತ್ತದೆ ಎನ್ನುವುದು ಸುಳ್ಳು. ಗಡುವಿನೊಳಗೆ ಸರಿಯಾದ ಜಾಗದಲ್ಲಿ ಹುಡುಕಿದರೆ ಬಹಳಷ್ಟು ಸಿಗುತ್ತದೆ, ಅದಕ್ಕೆ ಯಾವ ಆ್ಯಪೂ ಬೇಡ.