ಕತ್ತರಿಗೂ ಗೇಣಿ

ನಮ್ಮಜ್ಜ ಕಾಗೋಡಿನ ಹತ್ತಿರದ ಊರಲ್ಲಿ ಗೇಣಿ ಗದ್ದೆ ಮಾಡುತ್ತಿದ್ದವರು. 1951ರಲ್ಲಿ ಕೊಳಗದ ಅಳತೆಯ ವಿಷಯಕ್ಕೆ ಎದ್ದ ಸತ್ಯಾಗ್ರಹದ ಕಥೆ ಕೇಳಿಕೊಂಡೇ ನಾವು ಬೆಳೆದದ್ದು. 1974ರ ಭೂಸುಧಾರಣೆ ಕಾಯ್ದೆ ಬಂದಮೇಲೆ ಅಪ್ಪ ಡಿಕ್ಲರೇಶನ್ ಹಾಕಿ, ಟ್ರಿಬ್ಯೂನಲ್ಲಿಗೆ ಅಲೆದೂ ಅಲೆದೂ ಅದೇ ಗದ್ದೆಯನ್ನು ಸ್ವಂತದ್ದು ಮಾಡಿಕೊಂಡರು. ಆ ಮನೆಯ ಮಗನಾದ ನಾನು ಸಾಗರದಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟೆ. ಈಗ ಕಂಪ್ಯೂಟರಿನೊಳಗಿನ ಕತ್ತರಿಗೆ ತಿಂಗಳು ತಿಂಗಳು ಗೇಣಿ ಅಳೆಯುತ್ತಿದ್ದೇನೆ. ಯಾರಿಗೆ ಎಂಬುದು ಬೇಡ.

ಕೆಲಸ ಕಲಿತದ್ದು ಪ್ಯಾನಸೋನಿಕ್ ಎಂ-9000 ಕ್ಯಾಮೆರಾ ಹೆಗಲೇರಿ ಕೂರುತ್ತಿದ್ದ ಕಾಲದಲ್ಲಿ. ಎಡಿಟಿಂಗ್ ಎಂಬ ಮಾತು ನಮ್ಮ ಬಾಯಲ್ಲಿರಲಿಲ್ಲ, ಅದು 'ಮಿಕ್ಸಿಂಗ್'. ಎರಡು ವಿಸಿಆರ್, ನಡುವೆ ಒಂದು ಮಿಕ್ಸರ್. ಒಂದರಲ್ಲಿ ಪ್ಲೇ, ಇನ್ನೊಂದರಲ್ಲಿ ರೆಕಾರ್ಡ್. ಧಾರೆಯ ತನಕ ಬಂದಾಗ ಕರೆಂಟ್ ಹೋಯಿತೋ, ಮುಗಿಯಿತು. ಚಿತ್ರ ಮಸುಕಾದರೆ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಬೇಕು. ಕಷ್ಟದ ಕೆಲಸವೇ, ಆದರೆ ಮೂರೂ ಪೆಟ್ಟಿಗೆ ನನ್ನವಾಗಿದ್ದವು. ಕೆಡುವ ತನಕ ಯಾರೂ ಬಂದು ಏನೂ ಕೇಳುತ್ತಿರಲಿಲ್ಲ.

ಕಂಪ್ಯೂಟರಿನಲ್ಲಿ ಮೊದಲು ಕೈಯಾಡಿಸಿದ್ದು ಧ್ವನಿಯ ಮೇಲೆ, ಕೂಲ್ ಎಡಿಟ್ 96ರಲ್ಲಿ. ದುಡ್ಡು ಕಟ್ಟದವರಿಗೆ ಅದರದ್ದೊಂದು ತಮಾಷೆಯ ನಿಯಮವಿತ್ತು: ಪ್ರತಿ ಸಲ ತೆರೆದಾಗಲೂ ಯಾವ ಎರಡು ಬಗೆಯ ಕೆಲಸ ಬೇಕೆಂದು ಆರಿಸಿಕೊಳ್ಳಬೇಕು. ಮೂರನೆಯದು ಬೇಕಾದರೆ ಮುಚ್ಚಿ ಮತ್ತೆ ತೆರೆಯಿರಿ. ನನಗೆ ಅದರ ಮೇಲೆ ಸಿಟ್ಟು ಬಂದದ್ದೇ ಇಲ್ಲ. ಇದ್ದದ್ದನ್ನು ಬಾಗಿಲಲ್ಲೇ ಹೇಳಿಬಿಡುತ್ತಿತ್ತಲ್ಲ. 2003ರಲ್ಲಿ ಅಡೋಬಿಯವರು ಅದನ್ನು ಕೊಂಡು 'ಆಡಿಶನ್' ಎಂದು ಹೆಸರಿಟ್ಟರು.

ಅದೇ ವರ್ಷ ಅಡೋಬಿ ಇನ್ನೊಂದು ಕೆಲಸವನ್ನೂ ಮಾಡಿತು. ಅವರ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ 1991ರಲ್ಲಿ ಮೊದಲು ಹುಟ್ಟಿದ್ದು ಮ್ಯಾಕ್ ಕಂಪ್ಯೂಟರಿಗಾಗಿ. 2003ರಲ್ಲಿ 'ಪ್ರೀಮಿಯರ್ ಪ್ರೊ' ಬಂದಾಗ ಅದು ವಿಂಡೋಸ್‌ಗೆ ಮಾತ್ರ. ಮ್ಯಾಕಿನವರಿಗೆ ಅಪ್‌ಗ್ರೇಡ್ ದುಬಾರಿಯೋ ಅಗ್ಗವೋ ಎಂಬ ಪ್ರಶ್ನೆಯೇ ಇಲ್ಲ, ಅಪ್‌ಗ್ರೇಡೇ ಇಲ್ಲ. ಅದು ಮ್ಯಾಕಿಗೆ ಮರಳಿದ್ದು 2007ರಲ್ಲಿ. ಅಷ್ಟರಲ್ಲಿ ಬಹಳ ಜನ ಆ್ಯಪಲ್‌ನ ಫೈನಲ್ ಕಟ್ ಪ್ರೊ ಕಡೆ ಹೋಗಿದ್ದರು. ವಿಚಿತ್ರವೆಂದರೆ ಎರಡಕ್ಕೂ ಮೂಲಪುರುಷ ಒಬ್ಬನೇ, ರಾಂಡಿ ಯುಬಿಲೋಸ್.

ಆ್ಯಪಲ್ ನಂಬಿದವರಿಗೂ ಸರದಿ ಬಂತು. 2011ರ ಜೂನ್ 21ರಂದು ಫೈನಲ್ ಕಟ್ ಪ್ರೊ ಟೆನ್ ಹೊರಬಂತು, ಬೆಲೆ 299 ಡಾಲರ್. ಮೊದಲಿನ ಪೂರ್ಣ ಕಟ್ಟು 999 ಡಾಲರಿನದು. ಲೆಕ್ಕಕ್ಕೆ ಇದು ಅಗ್ಗವೇ. ಆದರೆ ಹಳೇ ಆವೃತ್ತಿಯಲ್ಲಿ ಮಾಡಿಟ್ಟ ಪ್ರಾಜೆಕ್ಟ್ ಇದರಲ್ಲಿ ತೆರೆಯುತ್ತಿರಲಿಲ್ಲ. ನಾಲ್ಕಾರು ಕ್ಯಾಮೆರಾಗಳ ಚಿತ್ರವನ್ನು ಒಟ್ಟಿಗೆ ಜೋಡಿಸುವ ಮಲ್ಟಿಕ್ಯಾಮ್ ಇಲ್ಲ, ಮೊದಲಿನಂತೆ ಟೇಪಿಗೆ ಇಳಿಸುವ ವ್ಯವಸ್ಥೆಯೂ ಇಲ್ಲ. ಎಲ್ಲಕ್ಕಿಂತ ಉರಿ ಹತ್ತಿಸಿದ್ದು, ಹಳೆಯದರ ಮಾರಾಟವನ್ನೂ ಕೂಡಲೇ ನಿಲ್ಲಿಸಿದ್ದು. ಹತ್ತು ಜನ ಎಡಿಟರ್‌ಗಳಿರುವ ಕಡೆ ಹನ್ನೊಂದನೆಯವ ಬಂದರೆ ಅವನಿಗೆ ಏನು ಕೊಡುವುದು? ಆ್ಯಪಲ್ ಕಡೆಯೂ ಕಾರಣವಿತ್ತು. ಹಳೆಯದು 32 ಬಿಟ್ಟಿನದು, 4 ಜಿಬಿಗಿಂತ ಹೆಚ್ಚು ರ್‍ಯಾಮ್ ಅದಕ್ಕೆ ದಕ್ಕುತ್ತಿರಲಿಲ್ಲ, ತಳಪಾಯದಿಂದಲೇ ಕಟ್ಟಬೇಕಿತ್ತು. ಕಟ್ಟಲಿ, ಬೇಡವೆಂದವರಾರು? ಹೊಸ ಮನೆಗೆ ಮಾಡು ಹೊದೆಸುವ ತನಕವಾದರೂ ಹಳೇ ಮನೆಯ ಬೀಗ ಒಕ್ಕಲಿನ ಕೈಯಲ್ಲಿರಬೇಕಿತ್ತು, ಅಷ್ಟೆ. ಗಲಾಟೆಯಾದ ಮೇಲೆ ಕೆಲವರಿಗೆ ದುಡ್ಡು ಮರಳಿತು, ಹಳೆಯದರ ಮಾರಾಟವೂ ಸದ್ದಿಲ್ಲದೆ ಮತ್ತೆ ಸ್ವಲ್ಪ ದಿನ ನಡೆಯಿತು, ಮಲ್ಟಿಕ್ಯಾಮ್ 2012ರ ಜನವರಿಗೆ ಬಂತು.

ಅಡೋಬಿಯ ಗಿರಾಕಿಗಳಿಗೆ ಒಂದು ಜಾಣತನ ಗೊತ್ತಿತ್ತು: ಒಂದೆರಡು ಆವೃತ್ತಿ ಬಿಟ್ಟು, ಕೈಯಲ್ಲಿ ಕಾಸಾದಾಗ ಮುಂದಿನದನ್ನು ರಿಯಾಯಿತಿ ದರಕ್ಕೆ ಕೊಳ್ಳುವುದು. 2011ರ ಕೊನೆಗೆ, ಇನ್ನು ಹೊಸದಕ್ಕಿಂತ ಒಂದೇ ಹೆಜ್ಜೆ ಹಿಂದಿನ ಆವೃತ್ತಿ ಇದ್ದವರಿಗಷ್ಟೇ ರಿಯಾಯಿತಿ ಎಂದರು. ಜನ ರೇಗಿದರು, 2012ರ ಡಿಸೆಂಬರ್ ತನಕ ವಾಯಿದೆ ಸಿಕ್ಕಿತು. ವಾಯಿದೆ ಯಾಕೆಂದು ತಿಳಿದದ್ದು 2013ರ ಮೇ ತಿಂಗಳಲ್ಲಿ: ಇನ್ನು ಮುಂದಿನ ಆವೃತ್ತಿಗಳು ಮಾರಾಟಕ್ಕಿಲ್ಲ, ಚಂದಾಕ್ಕೆ ಮಾತ್ರ.

ಇದನ್ನು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಿಲ್ಲ. ಗೇಣಿ ನಿಂತರೆ ಒಕ್ಕಲೆಬ್ಬಿಸುತ್ತಿದ್ದರು. ತಾನೇ ನೆಟ್ಟ ಅಡಿಕೆ ಮರ ಬೇಲಿಯಾಚೆ ಕಾಣುತ್ತಿತ್ತು, ಕೊನೆ ಕೊಯ್ಯುವಂತಿರಲಿಲ್ಲ. ಚಂದಾ ನಿಲ್ಲಿಸಿದವನ ಪ್ರಾಜೆಕ್ಟ್ ಫೈಲೂ ಹಾಗೇ. ಡಿಸ್ಕಿನಲ್ಲಿ ಇರುತ್ತದೆ, ತೆರೆಯುವ ಕೈ ಇರುವುದಿಲ್ಲ.

ನನ್ನ ಪಾಡು ಚಿಕ್ಕದು. 2002ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಕ್ಯಾಪ್ಚರ್ ಕಾರ್ಡ್ ತಂದಿದ್ದೆ, ಜೊತೆಗೇ ಎಡಿಟಿಂಗ್ ಸಾಫ್ಟ್‌ವೇರಿನ ಸಿಡಿಯೂ ಬಂದಿತ್ತು. (ನಮ್ಮ ದಂಧೆಯಲ್ಲಿ ಆಗ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಎಷ್ಟಿತ್ತೆಂದು ಕೇಳಬೇಡಿ. ನನ್ನದು ಮಾತ್ರ ನಿಜಕ್ಕೂ ಪೆಟ್ಟಿಗೆಯೊಳಗಿನದೇ.) 2009ರಲ್ಲಿ ಹೊಸ ಆವೃತ್ತಿಗೆ ಹೋದರೆ ಅದು ಆ ಕಾರ್ಡನ್ನು ಗುರುತೇ ಹಿಡಿಯಲಿಲ್ಲ. ಕಾರ್ಡಿನವರು ಸಾಫ್ಟ್‌ವೇರಿನವರನ್ನು ಕೇಳಿ ಎಂದರು, ಅವರು ಇವರನ್ನು. ಹಳೇ ಕಂಪ್ಯೂಟರ್ ಅಟ್ಟ ಸೇರಿತು.

ಮೂರು ವರ್ಷ ಬಿಟ್ಟು ಒಬ್ಬರು ಬಂದರು. 2006ರಲ್ಲಿ ಅವರ ತಮ್ಮನ ಮದುವೆಗೆ ನಾನೇ ಮಿಕ್ಸಿಂಗ್ ಮಾಡಿದ್ದು. ಹಿಸ್ಸೆಯ ಜಗಳ ಕೋರ್ಟಿಗೆ ಹೋಗಿತ್ತು.

"ನಮ್ಮ ಭಾವನ್ನ ತೆಗೀರಿ ಮಾರಾಯ್ರೆ."

"ಎಲ್ಲಿಂದ?"

"ಎಲ್ಲಾ ಕಡೆಯಿಂದ!"

ಹೊಸ ಆವೃತ್ತಿಯಲ್ಲಿ ಪ್ರಾಜೆಕ್ಟ್ ತೆರೆಯಲಿಲ್ಲ. ಏಣಿ ಹಾಕಿ ಹಳೆಯದನ್ನು ಇಳಿಸಿ, ಜೇಡರಬಲೆ ಒರೆಸಿ ಸ್ವಿಚ್ ಹಾಕಿದರೆ, ಗುರ್ರೆಂದು ಎದ್ದಿತು. ದಿಬ್ಬಣದಲ್ಲಿ, ಊಟದ ಪಂಕ್ತಿಯಲ್ಲಿ, ಹೋಮದ ಹೊಗೆಯ ಹಿಂದೆ, ಹೀಗೆ ಹದಿನೇಳು ಕಡೆ ಭಾವ ಸಿಕ್ಕರು. ಕಾಲು ತೊಳೆಯುವ ಶಾಟಿನಲ್ಲಿ ಚೊಂಬು ಹಿಡಿದ ಕೈ ಅವರದೇ, ಕೈಯನ್ನು ಬಿಟ್ಟುಬಿಟ್ಟೆ.

ಅಂದಿನಿಂದ ಅದು ಮೇಜಿನ ಕೆಳಗೇ ಇದೆ, ನೆಟ್ ಸಂಪರ್ಕವಿಲ್ಲದೆ, ಹಳೇ ಸೀರೆಯ ತುಂಡು ಹೊದ್ದು. ಒಳಗಿನ ಗುಂಡುಬ್ಯಾಟರಿ ಸತ್ತಿದೆ. ಪ್ರತಿ ಸಲ ಹಾಕಿದಾಗಲೂ 2002ರ ಜನವರಿ 1 ಎಂದು ತೋರಿಸಿ, ಮುಂದುವರಿಯಬೇಕೇ ಎಂದು ಕೇಳುತ್ತದೆ. ತಾರೀಕು ತಿದ್ದಲು ಹೋಗುವುದಿಲ್ಲ. ಎಫ್1 ಒತ್ತುತ್ತೇನೆ.